ಟೈರ್ ಕೋಣೆಯ ಕ್ಲಾಸು

...ನಕ್ರಲ್ಲ ಈಗ? ತುಟಿ ಅಲ್ಲಾಡಿದ್ದು ನೋಡಿದೆ ಕಣ್ರೀ, ಮುಖ ಆ ಕಡೆ ತಿರುಗಿಸಿಬಿಟ್ರೆ ಗೊತ್ತಾಗಲ್ವಾ? ನಗಿ, ಪರವಾಗಿಲ್ಲ. ಅಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ನಿಮ್ಮ ಫೋರ್‌ಮನ್ ಅಂಗಾತ ಮಲಗಿ ಗೊರಕೆ ಹೊಡೆದ ಅಂದ್ರೆ ಯಾರಿಗಾದ್ರೂ ನಗು ಬರುತ್ತೆ. ನಾನು ಎಬ್ಬಿಸಲಿಲ್ಲ. ಉಸಿರಾಟ ಕಲಿಯೋಕೆ ಬಂದವನು ಒಂದು ನಿದ್ದೆ ಮಾಡಿ ಎದ್ದು ಹೋದ್ರೆ ನನ್ನ ಗಂಟೇನು ಹೋಗುತ್ತೆ?

ಟೀ ಕುಡೀರಿ, ಆರ್ತಾ ಇದೆ.

ಏನು ಹಾಗೆ ನೋಡ್ತೀರಾ? ಹೆಂಗಸರಿಗೆ ಆಸನ ಹೇಳ್ಕೊಡೋ ಇವಳಿಗೆ ಬಸ್ ಡಿಪೋದಲ್ಲಿ ಏನು ಕೆಲಸ ಅಂತಾನಾ? ನಿಮ್ಮ ತಂಗಿನೂ ಅದನ್ನೇ ಕೇಳಿದ್ಲು. ಗಂಡ ಮನೇಲಿ ಹೀಗೆ ಕೂತಿರುವಾಗ ನೀನು ಚಾಪೆ ಕಂಕುಳಲ್ಲಿ ಇಟ್ಕೊಂಡು ಗಂಡಸರ ಮಧ್ಯೆ ಹೋಗೋದು ಚೆನ್ನಾಗಿ ಕಾಣುತ್ತಾ ಅತ್ತಿಗೆ, ಅಂದ್ಲು. ಚೆನ್ನಾಗಿ ಕಾಣಲಿ ಅಂತ ನಾನು ಹೋಗ್ತಿಲ್ಲಮ್ಮ ಅಂದೆ. ಮುಖ ಊದಿಸ್ಕೊಂಡು ಹೋದ್ಲು. ಹೋಗ್ಲಿ.

ಕ್ಲಾಸಿಗೆ ಜಾಗ ಕೇಳೋಕೆ ಹೋದ್ರೆ ನಿಮ್ಮ ಮ್ಯಾನೇಜರ್ ಅಂತೂ ಕುರ್ಚಿ ತೋರಿಸಲಿಲ್ಲ, ನಿಲ್ಲಿಸೇ ಮಾತಾಡಿದ್ರು. "ನಮ್ಮ ಡ್ರೈವರ್‌ಗಳು ಗಂಡಸರು ಮೇಡಂ, ಅವರಿಗೆ ಈ ಟೆನ್ಷನ್ನು ಗಿನ್ಷನ್ನು ಏನಿಲ್ಲ" ಅಂದ್ರು. ಯಾಕೆ ಸರ್, ಗಂಡಸರು ಉಸಿರಾಡಲ್ವಾ ಅಂದೆ. ಪಕ್ಕದಲ್ಲಿದ್ದ ಗುಮಾಸ್ತ ಕೆಮ್ಮಿದ ಹಾಗೆ ಮಾಡಿ ನಕ್ಕ. ಆಮೇಲೆ... ಆಮೇಲೆ ನಿಮ್ಮ ವಿಷಯ ಎತ್ತಿದ್ರು. "ಸತ್ತ ಆ ಮುದುಕ ತಾನಾಗಿ ಬಸ್ಸಿನ ಮುಂದೆ ರಸ್ತೆಗೆ ಇಳಿದ, ನಿಮ್ಮ ಯಜಮಾನರ ತಪ್ಪಿಲ್ಲ ಅಂತ ವಿಚಾರಣೇಲಿ ಬರೆದೂ ಆಯ್ತು. ಇನ್ನೂ ಯಾಕೆ ಡ್ಯೂಟಿಗೆ ಬರಲ್ಲ?"

ಏಳಬೇಡಿ. ಕೂತ್ಕೊಳ್ಳಿ. ಆ ದಿನದಿಂದ ಈ ಮನೇಲಿ ಯಾರೂ ಆ ಮಾತು ಆಡಿಲ್ಲ. ಬಂದವರೆಲ್ಲ ಪಿಸುಗುಟ್ಟಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಕೊಂಡು ಓಡಾಡೋದು ನೋಡಿ ಸಾಕಾಗಿದೆ ನನಗೆ. ಇವತ್ತು ಆಡ್ತೀನಿ. ಏನಂದೆ ಗೊತ್ತಾ ಅವರಿಗೆ? ತಪ್ಪಿಲ್ಲ ಅನ್ನೋದು ಕಾಗದಕ್ಕೆ ಗೊತ್ತಾಗಿದೆ ಸರ್, ಅವರ ಕೈಕಾಲಿಗೆ ಇನ್ನೂ ಗೊತ್ತಾಗಿಲ್ಲ ಅಂದೆ. ಹಳೆ ಟೈರ್ ಇಡೋ ಕೋಣೆ ಬೇಕಾದ್ರೆ ತಗೊಳ್ಳಿ ಅಂದ್ರು.

ಆ ಕೋಣೆ ನಿಮಗೆ ಗೊತ್ತಲ್ಲ. ನೆಲದ ತುಂಬ ಗ್ರೀಸು. ಸೋಪಿನ ಪುಡಿ ಹಾಕಿ ಉಜ್ಜಿ ಉಜ್ಜಿ ನನ್ನ ಅಂಗೈ ಸುಲಿದು ಬಂತು. ಟೈರ್‌ಗಳನ್ನ ನಾನೇ ಉರುಳಿಸಿ ಮೂಲೆಗೆ ಹಾಕಿದೆ. ಈಗ ನೋಡ್ಬೇಕು ನೀವು. ಬೆಳಗಿನ ಪಾಳಿ ಮುಗಿಸಿ ಬಂದವರೆಲ್ಲ ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟು ಒಳಗೆ ಬರ್ತಾರೆ. ಉಸಿರು ಮೆಲ್ಲಗೆ ತಗೊಳ್ಳಿ, ಬಿಡೋವಾಗ ಇನ್ನೂ ಮೆಲ್ಲಗೆ ಬಿಡಿ ಅಂತೀನಿ. ಕಿವಿ ಮುಚ್ಚಿ ದುಂಬಿ ಹಾಗೆ ಗುಂಯ್ ಅನ್ನಿ ಅಂದ್ರೆ ಮೆಕ್ಯಾನಿಕ್‌ದು ಹಳೆ ಗಾಡಿ ಸ್ಟಾರ್ಟ್ ಆದ ಹಾಗೇ ಇರುತ್ತೆ. ಎಲ್ಲರೂ ನಗ್ತಾರೆ. ನಗ್ಲಿ ಅಂತ ಬಿಡ್ತೀನಿ. ಕೊನೇಲಿ ಅಂಗಾತ ಮಲಗಿಸ್ತೀನಿ. ಶವಾಸನ ಅನ್ನೋ ಹೆಸರು ಅಲ್ಲಿ ಬಾಯಿಗೆ ತರಲ್ಲ. ಸುಮ್ಮನೆ ಮಲಗಿ ಅಂತೀನಿ ಅಷ್ಟೆ. ಯಾಕೆ ಅಂತ ನಿಮಗೆ ಹೇಳಬೇಕಾ?

ಕೋಪ ಬಂದ್ರೆ ನುಂಗಬೇಡಿ, ಅಳು ಬಂದ್ರೆ ತಡೀಬೇಡಿ, ಅದು ಬಂದು ಹೋಗೋವರೆಗೂ ಉಸಿರು ಬಿಡ್ತಾ ಕೂತಿರಿ... ಇಷ್ಟೇ ನಾನು ಹೇಳ್ಕೊಡೋದು. ಮನಸ್ಸು ಕಲ್ಲು ಮಾಡ್ಕೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ.

ಒಬ್ಬ ಡ್ರೈವರ್ ಬರ್ತಾನೆ. ಹೊಸಬ, ನಿಮಗೆ ಪರಿಚಯ ಇಲ್ಲ. ಕೂತಲ್ಲೇ ಅವನ ಬಲಗಾಲು ನೆಲ ಒತ್ತುತ್ತಾ ಇರುತ್ತೆ, ಬ್ರೇಕ್ ಒತ್ತಿದ ಹಾಗೆ. ಅವನಿಗೇ ಗೊತ್ತಿಲ್ಲ. ಊಟ ಮಾಡ್ತಿರಲಿ, ಟಿವಿ ನೋಡ್ತಿರಲಿ, ಒತ್ತುತ್ತೆ. ನಿದ್ದೇಲೂ ಒತ್ತುತ್ತೆ, ಹೊದಿಕೆ ಎಲ್ಲ ಕಾಲಡಿಗೆ ಹೋಗಿರುತ್ತೆ. ಅವನಿಗೆ ಹೇಳ್ದೆ, ಕಾಲಿನ ಜೊತೆ ಜಗಳ ಆಡಬೇಡಿ. ಪೂರ್ತಿ ಒತ್ತಿ, ಎಷ್ಟು ಶಕ್ತಿ ಇದೆಯೋ ಅಷ್ಟೂ. ಆಮೇಲೆ ಉಸಿರು ಬಿಡ್ತಾ ಮೊದಲು ಹಿಮ್ಮಡಿ ಬಿಡಿ, ಆಮೇಲೆ ಬೆರಳು...

ಏನು?

ಕಾಲು ಯಾಕೆ ನೋಡ್ಕೊಳ್ತಿದೀರಾ? ನಾನು ಹೇಳಿದ್ದು ಅವನ ವಿಷಯ. ನಿದ್ದೇದು... ಅವನೇ ಹೇಳಿದ. ಅವನ ಹೆಂಡತಿ ಹೇಳಿದ್ಲು. ಯಾರಾದ್ರೇನು, ಅಂಥವರು ಇದಾರೆ ಅಂದೆ. ಏನಾದ್ರೂ ಅನ್ನಿ. ಸುಳ್ಳು ಅನ್ನಿ, ಬೈರಿ. ಹೀಗೆ ಸುಮ್ಮನೆ ನೋಡಬೇಡಿ ನನ್ನ.

ಬೇಡ, ಲೋಟ ಕೊಡಿ. ಟೀ ಬಿಸಿ ಮಾಡ್ಕೊಂಡು ಬರ್ತೀನಿ.

...ರೀ.

ಬಾಗಿಲ ಹತ್ರ ನಿಮ್ಮ ಚಪ್ಪಲಿಗೆ ಗ್ರೀಸ್ ಹತ್ತಿದೆ. ಹಸಿ ಗ್ರೀಸು. ನಮ್ಮ ಬೀದೀಲಿ ಎಲ್ಲಿಂದ ಬರಬೇಕು ಗ್ರೀಸು?

ಹೋಗಿದ್ರಾ? ಆ ಮುದುಕ ಬಿದ್ದ ತಿರುವು ದಾಟಿಕೊಂಡು... ನಡ್ಕೊಂಡೇ? ಇಷ್ಟು ತಿಂಗಳಿಂದ ಮೆಟ್ಟಿಲು ಇಳಿಯದವರು ಡಿಪೋ ತನಕ ಹೋಗಿ ಬಂದ್ರಾ?

ಹಾಗಾದ್ರೆ ನೋಡಿದ್ರಿ. ಕಿಟಕಿಯಿಂದ ನೋಡಿದ್ರಿ. ನಾನು ಇಷ್ಟು ಹೊತ್ತು ಬಡಬಡಾಯಿಸ್ತಿದ್ರೂ ಎಲ್ಲ ಗೊತ್ತಿದ್ದೇ ಕೇಳ್ಕೊಂಡು ಕೂತಿದ್ರಿ.

ಸರಿ. ಯಾರೂ ಬರಲ್ಲ. ಮೊದಲ ದಿನ ನಾಲ್ಕು ಜನ ಇಣುಕಿ, ಹಲ್ಲು ಕಿಸಿದು ಹೋದ್ರು. ಗೊರಕೆ ಇಲ್ಲ, ದುಂಬಿ ಇಲ್ಲ, ಹೊಸ ಡ್ರೈವರೂ ಇಲ್ಲ. ಎಲ್ಲರೂ ಹೋಗ್ತಾರೆ, ನಾನೂ ಒಂದು ಸಲ ಹೋಗಿ ನೋಡೋಣ ಅಂತ ನಿಮಗೆ ಅನಿಸಲಿ ಅಂತ ಕಟ್ಟಿ ಹೇಳ್ದೆ. ದಿನಾ ಹೋಗ್ತೀನಿ, ಚಾಪೆ ಎಲ್ಲಾ ಹಾಸ್ತೀನಿ, ಒಬ್ಬಳೇ ಕೂತು ಗಟ್ಟಿಯಾಗಿ ಹೇಳ್ತೀನಿ. ಅದಕ್ಕೆ ನನಗೆ ನಾಚಿಕೆ ಇಲ್ಲ. ಡಿಪೋದವರು ಹುಚ್ಚಿ ಅನ್ಲಿ, ನಿಮ್ಮ ತಂಗಿ ಏನಾದ್ರೂ ಅಂದ್ಕೊಳ್ಲಿ. ನಾಳೆನೂ ಹೋಗ್ತೀನಿ, ನಾಡಿದ್ದೂ ಹೋಗ್ತೀನಿ.

ಆದ್ರೆ ಆ ಖಾಲಿ ಚಾಪೆಗಳ ಮುಂದೆ ಕೂತು, ಹಿಮ್ಮಡಿ ಬಿಡಿ, ಬೆರಳು ಬಿಡಿ, ಆಯ್ತು, ಇನ್ನು ಬ್ರೇಕ್ ಬೇಡ ಅಂತ ನಾನು ಹೇಳ್ತಿದ್ದಿದ್ದನ್ನೂ ಕೇಳಿಸ್ಕೊಂಡಿದ್ರೆ... ಯಾರಿಗೆ ಹೇಳ್ತಿದ್ದೆ ಅಂತ ಮಾತ್ರ ಕೇಳಬೇಡಿ.