ಭಟ್ಟಿಯ ಮುಂದೆ ನಾಲ್ಕು ಕುರ್ಚಿ

ಒಂದೂರಿನಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಆ ಊರಿಗೆ ಫುಟ್‌ಬಾಲ್ ಬಂದ ಹೊಸತು. ಆಡುತ್ತಿದ್ದವರು ಯಾರು? ಬೂಟು ಇದ್ದ ಬಿಳಿ ದೊರೆಗಳು. ನೋಡಿ, ಹೆಂಚು ಮಾಡುವವರಿಗೆ ಬೂಟೂ ಇರಲಿಲ್ಲ, ಬಿಡುವೂ ಇರಲಿಲ್ಲ. ಆದರೂ ಒಂದು ಕ್ಲಬ್ ಕಟ್ಟಿದರು. ಕೆಲಸ ಬಿಟ್ಟ ಮೇಲೆ ಮಣ್ಣಿನ ಗುಂಡಿಯ ಪಕ್ಕದ ಬಯಲಿನಲ್ಲಿ ಬರಿಗಾಲಲ್ಲಿ ಆಡಿದರು. ಮೂರನೇ ವರ್ಷ ಊರಿನ ಕಪ್ ಪಂದ್ಯಾವಳಿಯಲ್ಲಿ ಫೈನಲ್ ತಲುಪಿದರು. ಎದುರಿಗೆ ದೊರೆಗಳ ತಂಡ.

ಕ್ಲಬ್ಬಿನ ಕ್ಯಾಪ್ಟನ್ ಭಟ್ಟಿಗೆ ಕಟ್ಟಿಗೆ ಹಾಕುವವನು. ಅವನಿಗೆ ಒಂದೇ ಆಸೆ. ಕಪ್ ಅನ್ನು ತೊಡೆಯ ಮೇಲಿಟ್ಟುಕೊಂಡು, ನಡುವಿನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬೇಕು. ಅಂಥ ಫೋಟೋವನ್ನು ದೊರೆಗಳ ಕ್ಲಬ್ಬಿನ ಗೋಡೆಯಲ್ಲಿ ನೋಡಿದ್ದ. ತಪ್ಪೇ? ತಪ್ಪಲ್ಲ.

ಆದರೆ ಫೈನಲ್ ದಿನವೇ ಭಟ್ಟಿ ಉರಿಯುತ್ತಿತ್ತು. ಹೆಂಚಿನ ಭಟ್ಟಿ ಹೊತ್ತಿಸಿದ ಮೇಲೆ ಹೆಂಚು ಬೇಯುವ ತನಕ ಕಟ್ಟಿಗೆ ಹಾಕುತ್ತಲೇ ಇರಬೇಕು. ನಡುವೆ ಬೆಂಕಿ ತಗ್ಗಿದರೆ ಒಳಗಿನ ಹೆಂಚು ಹಾಳು. ಆಟಗಾರರಲ್ಲಿ ಕ್ಯಾಪ್ಟನ್ ಸೇರಿ ನಾಲ್ವರು ಭಟ್ಟಿಯವರೇ. ಮ್ಯಾನೇಜರ್ ಹೇಳಿದ, "ಹೋಗಿ, ಬೇಡ ಅನ್ನೋದಿಲ್ಲ. ಬೆಂಕಿ ತಗ್ಗಿದರೆ ಮಾತ್ರ ನಾಳೆಯಿಂದ ಕ್ಲಬ್ಬೂ ಇಲ್ಲ, ನಿಮಗೆ ಕೆಲಸವೂ ಇಲ್ಲ."

ಕ್ಯಾಪ್ಟನ್ ತಲೆಯ ಮೇಲೆ ಕೈಹೊತ್ತು ಕೂತ. ಆಗ ಮುಂದೆ ಬಂದವರು ಹೆಂಚು ಹೊರುವ ನಾಲ್ವರು ಹೆಂಗಸರು.

"ನೀವು ಹೋಗಿ ಮಾರಾಯ, ಬೆಂಕಿ ನಾವು ನೋಡ್ತೇವೆ" ಎಂದಳು ಅವರಲ್ಲಿ ಹಿರಿಯಳು.

"ನಿಮಗೆ ಗೊತ್ತುಂಟಾ ಅಕ್ಕ?"

"ಹನ್ನೆರಡು ವರ್ಷದಿಂದ ಇದೇ ಭಟ್ಟಿಯಿಂದ ಹೊರ್ತಾ ಇದ್ದೇನೆ. ಬೆಂಕಿ ಬಣ್ಣ ನೋಡ್ಲಿಕ್ಕೆ ಮೀಸೆ ಬೇಕಾ?"

ಕ್ಯಾಪ್ಟನ್ ನಕ್ಕ. "ಗೆದ್ದರೆ ಕಪ್ ಮೊದಲು ನಿಮ್ಮ ಕೈಗೆ ಅಕ್ಕ" ಎಂದು ಮಾತು ಕೊಟ್ಟು ಓಡಿದ.

ಗೆದ್ದರು. ಎರಡಕ್ಕೆ ಒಂದು ಗೋಲು. ನಾಲ್ಕಕ್ಕೆ ಒಂದು ಎಂದು ಹೇಳುವವರಿದ್ದಾರೆ, ನಂಬಬೇಡಿ. ಎರಡೇ. ಅಷ್ಟು ಸಾಕಾಗಿತ್ತು. ಜನ ಕ್ಯಾಪ್ಟನ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಫೋಟೋದವನು ಬಂದ. ಮೈದಾನದಲ್ಲೇ ಕುರ್ಚಿ ಹಾಕಿದರು. ನಡುವಿನ ಕುರ್ಚಿಯಲ್ಲಿ ಯಾರು? ಅವನೇ. ತೊಡೆಯ ಮೇಲೆ ಏನು? ಕಪ್. ಕೊಟ್ಟ ಮಾತು? ಮರೆತೇ ಹೋಗಿತ್ತು.

"ಎದುರು ನೋಡಿ, ಅಲ್ಲಾಡಬೇಡಿ" ಎಂದ ಫೋಟೋದವನು.

ಕ್ಯಾಪ್ಟನ್ ಎದುರು ನೋಡಿದ. ಕ್ಯಾಮೆರಾದ ಆಚೆ, ದೂರದಲ್ಲಿ, ಕಾರ್ಖಾನೆಯ ಚಿಮಣಿ ಕಂಡಿತು. ಹೊಗೆ ಒಂದಿಷ್ಟೂ ತಗ್ಗಿರಲಿಲ್ಲ.

ಅವನು ಎದ್ದುಬಿಟ್ಟ. "ಇಲ್ಲಿ ಬೇಡ. ಕುರ್ಚಿ ಎತ್ತಿ!"

ಅವುಗಳಲ್ಲಿ ನಾಲ್ಕು ಕುರ್ಚಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ತಂಡವೆಲ್ಲ ಕಾರ್ಖಾನೆಗೆ ನಡೆಯಿತು. ಹಿಂದಿನಿಂದ ಬೈಯುತ್ತಾ ಫೋಟೋದವನು. ಭಟ್ಟಿಯ ಮುಂದೆ ಆ ಹೆಂಗಸರ ಮುಖ ಕೆಂಡದಂತಾಗಿತ್ತು, ಸೆರಗು ಬೆವರಿಗೆ ಅಂಟಿತ್ತು.

"ಕೂತ್ಕೊಳ್ಳಿ ಅಕ್ಕ."

"ಕೂತರೆ ಕಟ್ಟಿಗೆ ಯಾರು ಹಾಕೋದು, ನಿನ್ನ ಕಪ್ಪಾ?"

"ನಾವು ಹಾಕ್ತೇವೆ."

ಆ ಫೋಟೋದಲ್ಲಿ ಕುರ್ಚಿಯ ಮೇಲೆ ನಾಲ್ವರು ಹೆಂಗಸರು. ಕಪ್ ಹಿರಿಯಳ ಮಡಿಲಲ್ಲಿ. ಹಿಂದೆ ಕಟ್ಟಿಗೆ ಹಿಡಿದು ನಿಂತ ಹನ್ನೊಂದು ಮಂದಿ. ಎಂಥ ಕ್ಲಬ್! ಗೋಲು ಹೊಡೆದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕುರ್ಚಿ ಹೊತ್ತವರು ಎಷ್ಟು ಮಂದಿ?

ಈಗ ನಿಮ್ಮ ವಿಷಯಕ್ಕೆ ಬರೋಣ. ದೇವರ ಮುಂದೆ ಪ್ರವಚನ ಕೇಳುತ್ತಾ ಇಷ್ಟು ಹೊತ್ತು ನೆಮ್ಮದಿಯಿಂದ ಕೂತಿದ್ದೀರಿ. ಸಂತೋಷ. ಈ ಹೊತ್ತಿಗೆ ನಿಮ್ಮ ಮನೆಯ ಒಲೆಯ ಮುಂದೆ ಯಾರಿದ್ದಾರೆ? ನಿಮ್ಮ ಅಂಗಡಿಯಲ್ಲಿ ಯಾರು ನಿಂತಿದ್ದಾರೆ? ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಯಾರಿದ್ದಾರೆ? ಅವರು ಅಲ್ಲಿ ಇರುವುದರಿಂದ ನೀವು ಇಲ್ಲಿದ್ದೀರಿ. ಮನೆಗೆ ಹೋದವರೇ "ಪ್ರವಚನ ಬಹಳ ಚೆನ್ನಾಗಿತ್ತು" ಎಂದು ಹೇಳುತ್ತಾ ಊಟಕ್ಕೆ ಕೂರಬೇಡಿ. ಅವರ ಕೈಯ ಸೌಟು ತೆಗೆದುಕೊಳ್ಳಿ. ಅವರನ್ನು ಕೂರಿಸಿ, ನೀವು ಬಡಿಸಿ. ಮುಂದಿನ ವಾರ ಅವರನ್ನು ಇಲ್ಲಿಗೆ ಕಳಿಸಿ, ನೀವು ಒಲೆ ನೋಡಿಕೊಳ್ಳಿ.

ಮುಂದಿನ ವಾರ ನಿಮ್ಮ ಜಾಗದಲ್ಲಿ ನೀವು ಕಾಣದಿದ್ದರೆ ನಾನು ಬೇಸರಪಡುವುದಿಲ್ಲ. ಅಲ್ಲಿ ಯಾರು ಕೂತಿದ್ದಾರೆ ಎಂದು ನೋಡುತ್ತೇನೆ.