ಅಪ್ಪನ ಕಾರಿನ ಎರಡು ಪೆಟ್ಟಿಗೆ

ಬ್ರನೋ ನಗರದ ಆಟಿಕೆ ಅಂಗಡಿಯಲ್ಲಿ ಅಂಟು ಕೊಳ್ಳಲು ನಿಂತಿದ್ದ ಯಿತ್ಕಾಳ ಮುಂದೆ ಇಬ್ಬರು ಮುದುಕರಿದ್ದರು. ಅವರಲ್ಲಿ ಒಬ್ಬನಾದ ಒಟಕರನ ಕೈಯಲ್ಲಿ, ತುಂಡು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಕಾರಿನ ಎರಡು ಹೊಸ ಪೆಟ್ಟಿಗೆಗಳಿದ್ದವು.

"ಅಂತೂ ನಿಮ್ಮಪ್ಪ ಓಡಿಸ್ತಿದ್ದ ಕಾರಿನ ಮಾದರಿ ಬಂತಲ್ಲೋ," ಎಂದ ಜೊತೆಗಿದ್ದ ಗೆಳೆಯ ಬೊಹುಶ್.

"ಇದನ್ನ ತನ್ನಿ ಅಂತ ಕಂಪನಿಗೆ ಇಪ್ಪತ್ತು ವರ್ಷ ಕಾಗದ ಬರ್ದೆ. ಈಗ ತಂದಿದಾರೆ, ಇನ್ನೂರು ತುಂಡು ಮಾಡಿ."

"ಒಂದು ಕನ್ನಡಿಗೇ ಮೂರು ತುಂಡಂತೆ. ಜೋಡ್ಸೋಕೆ ಇರುವೆಗಳನ್ನ ಕರೀಬೇಕು."

"ಬಾಗಿಲ ಹಿಡಿ ಗಸಗಸೆಯಷ್ಟಿದೆ. ನಾನು ಮೊದಲು ಬರ್ದಾಗ್ಲೇ ತಂದಿದ್ರೆ ಕಣ್ಮುಚ್ಚಿ ಕೂರಿಸ್ತಿದ್ದೆ."

"ಎರಡು ಯಾಕೆ, ಮಾಮೂಲಿನಂತೆ ಒಂದು ಕಟ್ಟೋಕೆ, ಒಂದು ಇಟ್ಕೊಳ್ಳೋಕಾ?"

"ಎರಡೂ ಇಟ್ಕೊಳ್ಳೋಕೆ ಕಣೋ."

ಒಟಕರ್ ದುಡ್ಡು ಕೊಟ್ಟು, ಇಬ್ಬರೂ ಹೊರಟಾಗ ಯಿತ್ಕಾ ಬಾಗಿಲು ತೆರೆದು ಹಿಡಿದಳು. ಒಟಕರ್ ಪೆಟ್ಟಿಗೆಗಳನ್ನು ಎದೆಗೊತ್ತಿಕೊಂಡಿದ್ದ. ಆದರೂ ಅವನ ಕೈನಡುಕಕ್ಕೆ ಒಳಗಿನ ತುಂಡುಗಳು ಬೀದಿಯವರೆಗೂ ಗಲಗಲ ಅನ್ನುತ್ತಿದ್ದವು.