ಮೊಳೆ ಹೊಡೆದ ಕಿಟಕಿ

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮಂಡಿನೋವಿಗೆಂದು ಕಾದು ಕುಳಿತಿದ್ದ ಅದೇ ವಿಶ್ವವಿದ್ಯಾಲಯದ ಬಡಗಿಯ ಕಿವಿಗೆ ಪಕ್ಕದ ಬೆಂಚಿನ ಅಕ್ಕ–ತಮ್ಮನ ಮಾತು ಬಿತ್ತು.

“ಮೂರನೇ ಸಲಾನೂ ಅದೇ ಕೆಮ್ಮಿನ ಸಿರಪ್ಪಾ? ಡಾಕ್ಟರ್ ಏನಂದ್ರೋ?”

“ರೂಮಿಗೆ ಗಾಳಿ ಬೇಕಂತೆ ಅಕ್ಕಾ. ಗೋಡೆ ಪೂರ್ತಿ ಬೂಷ್ಟು. ಉಸಿರೆಳೆದ್ರೆ ಎದೆ ಸಿಳ್ಳೆ ಹೊಡೆಯುತ್ತೆ.”

“ಕಿಟಕಿ ತೆಗೆಯೋಕೆ ನಿಂಗೇನು ಧಾಡಿ?”

“ಕಳ್ಳತನ ಆದ್ಮೇಲೆ ಹಾಸ್ಟೆಲಿನ ಕಿಟಕಿಗೆಲ್ಲ ಮೊಳೆ ಹೊಡೆಸಿದಾರೆ. ವಾರ್ಡನ್ನ ಕೇಳಿದ್ರೆ ಅರ್ಜಿ ಕೊಡು ಅಂತಾರೆ. ಎರಡು ಕೊಟ್ಟಾಯ್ತು.”

“ಯಾವ ಪುಣ್ಯಾತ್ಮ ಹೊಡೆದನೋ ಆ ಮೊಳೇನ!”

ಬಡಗಿ ತಲೆ ತಗ್ಗಿಸಿದ. ಹೊಡೆದವನು ಅವನೇ.

“ನಡಿ, ಮೂರನೇ ಅರ್ಜಿ ನಾನೇ ಬರೀತೀನಿ.”

ತಮ್ಮ ಎರಡು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತ ಅಕ್ಕನ ಹಿಂದೆ ಹೊರಟ. ಬಾಗಿಲು ದಾಟುವಷ್ಟರಲ್ಲಿ ಬಡಗಿ ಮಂಡಿ ಹಿಡಿದುಕೊಂಡೇ ಎದ್ದುನಿಂತ.

“ಅರ್ಜಿ ಬೇಡಮ್ಮ. ರೂಮು ಯಾವುದು ಹೇಳಿ.”